ಎಲೆಯೂ ಮಳೆಯೂ ಗೇಟು ದಾಟದಿರಲಿ

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಒಂದರ ಹಿಂದೊಂದು ಬತ್ತುತ್ತಿದ್ದಾಗ ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರಿನಲ್ಲಿ ಕಾರು ತೊಳೆಯುವಂತಿಲ್ಲ, ಕೈತೋಟಕ್ಕೂ ಹಾಯಿಸುವಂತಿಲ್ಲ; ಸಿಕ್ಕಿಬಿದ್ದರೆ 5,000 ರೂಪಾಯಿ ದಂಡ. ಕಾರಿನ ಮಾತು ಎಲ್ಲರಿಗೂ ಅರ್ಥವಾಯಿತು. ನಾಲ್ಕು ಗಿಡಕ್ಕೆ ನೀರು ಬಿಡುವುದೂ ಅಪರಾಧವೇ ಎಂದು ಗೊಣಗಿದವರು ಮಾತ್ರ ಒಮ್ಮೆ ಕೂತು ಲೆಕ್ಕ ಹಾಕಬೇಕು.

ಅರವತ್ತು-ನಲವತ್ತರ ನಿವೇಶನ ಅಂದರೆ 2,400 ಚದರಡಿ. ಮನೆ 1,400 ಚದರಡಿ ನುಂಗಿದರೆ ಸುತ್ತ ಸಾವಿರ ಉಳಿಯುತ್ತದೆ. ಅದರಲ್ಲಿ ಅರ್ಧ ಲಾನ್ ಎಂದುಕೊಳ್ಳಿ: 500 ಚದರಡಿ, ಅಂದರೆ ಸುಮಾರು 46 ಚದರ ಮೀಟರ್. ಬೆಂಗಳೂರಿನ ಬೇಸಿಗೆಯಲ್ಲಿ ಹುಲ್ಲು ಹಸಿರಾಗಿಯೇ ಇರಬೇಕಾದರೆ ದಿನಕ್ಕೆ 4ರಿಂದ 5 ಮಿಲಿಮೀಟರ್ ನೀರು ಬೇಕು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಅಂದರೆ ಒಂದು ಲೀಟರ್. ಅಲ್ಲಿಗೆ ಲಾನಿನ ದಿನದ ಖರ್ಚು 200 ಲೀಟರಿನ ಆಸುಪಾಸು. ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಸಾಕೆಂಬುದು ಸರ್ಕಾರದ ಮಾನದಂಡ. ಸುಮ್ಮನೆ ನೋಡಲೆಂದು ಹಾಕಿಸಿದ ಹುಲ್ಲು ಒಂದೂವರೆ ಜನರ ಪಾಲು ಕುಡಿಯುತ್ತದೆ. ಆ ನೀರಾದರೂ ಪಕ್ಕದ ಕೆರೆಯದಲ್ಲ. ಸುಮಾರು ನೂರು ಕಿಲೋಮೀಟರ್ ಆಚೆಯಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಸಲ ಪಂಪ್ ಆಗಿ ಗುಡ್ಡ ಹತ್ತಿ ಬಂದ ಕಾವೇರಿ.

ಹಾಗೆಂದು ಹುಲ್ಲು ಕಿತ್ತೆಸೆದು ಅಂಗಳಕ್ಕೆಲ್ಲ ಟೈಲ್ಸ್ ಹಾಸಿಬಿಡುವುದು ಪರಿಹಾರವಲ್ಲ. ಅದು ಇನ್ನೂ ಕೆಟ್ಟದ್ದು. ಮಧ್ಯಾಹ್ನದ ಬಿಸಿಲು ಕುಡಿದ ಟೈಲ್ಸ್ ರಾತ್ರಿಯಿಡೀ ಮಲಗುವ ಕೋಣೆಗೆ ಕಾವು ಕೊಡುತ್ತದೆ, ಮಳೆ ಬಂದರೆ ಒಂದು ಹನಿಯನ್ನೂ ನೆಲಕ್ಕೆ ಬಿಡದೆ ಬೀದಿಗೆ ದಾಟಿಸುತ್ತದೆ. ಅಂಗಳವನ್ನು ಪರಿಸರಕ್ಕೆ ಹಿತವಾಗಿ ನೋಡಿಕೊಳ್ಳುವುದಕ್ಕೆ ನಾನು ಬಳಸುವ ಅಳತೆಗೋಲು ಒಂದೇ: ಗೇಟಿನಿಂದ ಹೊರಗೆ ಏನು ಹೋಗುತ್ತಿದೆ, ಒಳಗೆ ಏನು ಬರುತ್ತಿದೆ? ಮಳೆನೀರು, ತರಗೆಲೆ, ಕತ್ತರಿಸಿದ ಹುಲ್ಲು ಹೊರಗೆ ಹೋಗುತ್ತಿದ್ದರೆ, ಅವುಗಳ ಬದಲಿಗೆ ಟ್ಯಾಂಕರ್ ನೀರು, ಯೂರಿಯಾ, ಒಂದು ಲೋಡ್ ಕೆಂಪುಮಣ್ಣು ದುಡ್ಡು ಕೊಟ್ಟು ಒಳಗೆ ಬರಲೇಬೇಕು. ಹೊರಗೆ ಹೋಗುವುದನ್ನು ತಡೆದಷ್ಟೂ ಒಳಗೆ ತರಿಸುವುದು ಕಡಿಮೆಯಾಗುತ್ತದೆ.

ಮೊದಲು ಹುಲ್ಲಿನ ಆಯ್ಕೆ. ನರ್ಸರಿಗಳಲ್ಲಿ ಮೆಕ್ಸಿಕನ್ ಲಾನ್, ಕೊರಿಯನ್ ಗ್ರಾಸ್, ಸೆಲೆಕ್ಷನ್ ಒನ್ ಎಂದೆಲ್ಲ ಮಾರುತ್ತಾರೆ. ಇದರಲ್ಲಿ ಸೆಲೆಕ್ಷನ್ ಒನ್ ಎಂಬುದು ನಮ್ಮ ಗರಿಕೆಯದೇ ಒಂದು ನಯವಾದ ತಳಿ. ಗಣೇಶನ ಹಬ್ಬದ ಹಿಂದಿನ ದಿನ ಮಾರುಕಟ್ಟೆಯಲ್ಲಿ ಕಟ್ಟು ಕಟ್ಟಾಗಿ ಕೊಳ್ಳುವ ಅದೇ ಗರಿಕೆಯನ್ನು ಲಾನಿನಲ್ಲಿ ಕಂಡಾಗ ಕಳೆ ಎಂದು ಕೀಳಿಸುವವರಿದ್ದಾರೆ! ನೀರು ಕಡಿಮೆ ಇರುವ ಕಡೆ, ಮಕ್ಕಳು ಓಡಾಡುವ ಕಡೆ ಗರಿಕೆಗಿಂತ ಒಳ್ಳೆಯದು ಸಿಗುವುದಿಲ್ಲ. ಅದರ ಬೇರು ಆಳಕ್ಕೆ ಇಳಿಯುತ್ತದೆ, ಕಾಂಡ ನೆಲದೊಳಗೂ ಹರಿಯುತ್ತದೆ. ನೀರಿಲ್ಲದಿದ್ದರೆ ಮೇಲ್ಭಾಗ ಒಣಗಿ ಕಂದಾಗುತ್ತದೆ, ಆದರೆ ಸಾಯುವುದಿಲ್ಲ. ಏಪ್ರಿಲ್-ಮೇ ತಿಂಗಳ ಮೊದಲ ಗಟ್ಟಿ ಮಳೆ ಬಿದ್ದ ಹತ್ತು ಹದಿನೈದು ದಿನಗಳಲ್ಲಿ ಮತ್ತೆ ಚಿಗುರುತ್ತದೆ. ಕಂದಾದ ಲಾನನ್ನು ನೋಡಿ ನೆರೆಹೊರೆಯವರು ಏನಂದುಕೊಂಡಾರು ಎಂಬ ಸಂಕೋಚ ಬಿಟ್ಟರೆ, ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ನೀರಿನ ಬಹುಪಾಲು ಉಳಿದಂತೆಯೇ.

ಇನ್ನೊಂದು, ಹುಲ್ಲಿಗೆ ಬಿಸಿಲು ಬೇಕು. ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೀಳದ ಜಾಗದಲ್ಲಿ, ಅದರಲ್ಲೂ ಮಾವು ಹೊಂಗೆಗಳ ಕೆಳಗೆ, ಎಷ್ಟು ಸಲ ಹಾಕಿಸಿದರೂ ಅದು ತೇಪೆ ತೇಪೆಯಾಗಿ ಸಾಯುತ್ತದೆ. ಆ ಹೋರಾಟವನ್ನು ಕೈಬಿಡುವುದೇ ಲೇಸು. ಅಲ್ಲಿಗೆ ಏನು ಹಾಕಬಹುದೆಂದು ಮುಂದೆ ಹೇಳುತ್ತೇನೆ.

ಕತ್ತರಿಸುವುದರಲ್ಲಿ ನಡೆಯುವ ತಪ್ಪು ಒಂದೇ ಬಗೆಯದು. ತಿಂಗಳಿಗೊಮ್ಮೆ ಬರುವ ಮಾಲಿ, ಮತ್ತೆ ಬರುವಷ್ಟರಲ್ಲಿ ಬೆಳೆದುಬಿಡುತ್ತದೆಂದು ನೆಲ ಕಾಣುವಂತೆ ಬೋಳಿಸಿ ಹೋಗುತ್ತಾನೆ. ಎಲೆಯೇ ಹುಲ್ಲಿನ ಅಡುಗೆಮನೆ. ಅದು ಹೋದ ಮೇಲೆ ಹುಲ್ಲು ಬೇರಿನಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡಿ ಚಿಗುರುತ್ತದೆ, ಬೇರು ಮೋಟಾಗುತ್ತದೆ. ಬಿಸಿಲು ಬಿದ್ದ ಬರಿನೆಲದಲ್ಲಿ ಕಳೆಯ ಬೀಜಗಳು ಏಳುತ್ತವೆ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು, ಬೇಸಿಗೆಯಲ್ಲಿ ನಾಲ್ಕೈದು ಸೆಂಟಿಮೀಟರ್ ಎತ್ತರ ಬಿಡಬೇಕು. ಎತ್ತರದ ಹುಲ್ಲು ತನ್ನ ಬುಡಕ್ಕೆ ತಾನೇ ನೆರಳು. ಕತ್ತರಿಸಿದ್ದು ಚಿಕ್ಕದಾಗಿದ್ದರೆ ಗುಡಿಸದೆ ಅಲ್ಲೇ ಬಿಡಿ, ವಾರದೊಳಗೆ ಮಣ್ಣಿಗೆ ಸೇರುತ್ತದೆ. ಹುಲ್ಲಿಗೆ ಬೇಕಾದ ಸಾರಜನಕದಲ್ಲಿ ಸುಮಾರು ಕಾಲುಭಾಗ ಅದರಿಂದಲೇ ಸಿಗುತ್ತದೆ. ಇಷ್ಟು ಚಿಕ್ಕ ಲಾನಿಗೆ ಪೆಟ್ರೋಲ್ ಯಂತ್ರ ಬೇಡ. ಎರಡು ಸ್ಟ್ರೋಕಿನ ಯಂತ್ರ ಪೂರ್ತಿ ಉರಿಯದ ಇಂಧನವನ್ನೇ ಹೊಗೆಯ ಜೊತೆ ಉಗುಳುತ್ತದೆ, ಶಬ್ದದ ಕಥೆ ಬೇರೆ. ಉರುಳು ಬ್ಲೇಡಿನ ಕೈಯಂತ್ರವನ್ನು ತಳ್ಳಿಕೊಂಡು ಹೋದರೆ ಅರ್ಧ ಗಂಟೆಯ ಕೆಲಸ. ಬ್ಲೇಡನ್ನು ಆಗಾಗ ಸಾಣೆ ಹಿಡಿಸಬೇಕು ಅಷ್ಟೇ. ಮೊಂಡಾದ ಬ್ಲೇಡು ಹುಲ್ಲನ್ನು ಕತ್ತರಿಸದೆ ಹರಿಯುತ್ತದೆ.

ನೀರು ಹಾಕುವ ಕ್ರಮಕ್ಕೆ ಬರೋಣ. ಸಂಜೆ ಪೈಪು ಹಿಡಿದು ಹತ್ತು ನಿಮಿಷ ಎಲ್ಲ ಕಡೆ ಚಿಮುಕಿಸುವುದು ನಮ್ಮ ರೂಢಿ. ಅದರಿಂದ ಮೇಲಿನ ಒಂದಿಂಚು ಮಾತ್ರ ನೆನೆಯುತ್ತದೆ, ಬೇರೂ ಅಲ್ಲೇ ನಿಲ್ಲುತ್ತದೆ, ಮರುದಿನದ ಬಿಸಿಲಿಗೆ ಅದೆಲ್ಲ ಆವಿ. ನಿಮ್ಮ ಪೈಪಿನಲ್ಲಿ 15 ಲೀಟರಿನ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕೆಂದು ನೋಡಿ. ಒಂದೂವರೆ ನಿಮಿಷವಾದರೆ ಪೈಪಿನ ವೇಗ ನಿಮಿಷಕ್ಕೆ 10 ಲೀಟರ್. 46 ಚದರ ಮೀಟರಿಗೆ 12 ಮಿಲಿಮೀಟರ್ ನೀರು ಇಳಿಯಲು 550 ಲೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಮೂರ್ನಾಲ್ಕು ದಿನಕ್ಕೊಮ್ಮೆ, ಬೆಳಗಿನ ಹೊತ್ತು, ಇಷ್ಟು ಕೊಟ್ಟರೆ ನೀರು ನಾಲ್ಕೈದು ಇಂಚು ಇಳಿಯುತ್ತದೆ. ನಮ್ಮ ಕೆಂಪುಮಣ್ಣು ಬೇಗ ಹೆಪ್ಪುಗಟ್ಟುವಂಥದ್ದು. ನೀರು ನಿಂತು ಹರಿಯತೊಡಗಿದರೆ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಮುಂದುವರಿಸಿ. ಒಂದು ಗಂಟೆ ಪೈಪು ಬಿಡುವುದಕ್ಕೆ ನೀರೆಲ್ಲಿದೆ ಎನ್ನುತ್ತೀರಾ? ಅದೇ ಸರಿಯಾದ ಪ್ರಶ್ನೆ. ಐನೂರು ಚದರಡಿ ಲಾನನ್ನು ಇನ್ನೂರಕ್ಕೆ ಇಳಿಸಿದರೆ ಅದರ ಅರ್ಧ ಉತ್ತರ ಸಿಕ್ಕಿತು.

ಉಳಿದರ್ಧ ಬಚ್ಚಲಿನಲ್ಲಿದೆ. ಹಳ್ಳಿಮನೆಗಳಲ್ಲಿ ಬಚ್ಚಲ ನೀರು ಹರಿಯುವ ಕಡೆ ಬಾಳೆ, ಕೆಸು, ಕಾಬಾಳೆ ನೆಡುತ್ತಿದ್ದುದು ಸುಮ್ಮನೆ ಅಲ್ಲ. ಸದಾ ಒದ್ದೆ ಇರುವ, ಸ್ವಲ್ಪ ಸೋಪು ಸೇರಿದ ನೆಲವನ್ನು ತಡೆದುಕೊಂಡು ಬೆಳೆಯುವ ಗಿಡಗಳು ಅವು. ತರಕಾರಿ ತೊಳೆದ ನೀರನ್ನು ಎಲ್ಲಿ ಬೇಕಾದರೂ ಹಾಕಬಹುದು. ವಾಷಿಂಗ್ ಮೆಷಿನ್ನಿನ ಮೊದಲ ಸುತ್ತಿನ ನೀರು ಮಾತ್ರ ಬೇಡ. ಡಿಟರ್ಜೆಂಟಿನ ಸೋಡಿಯಂ ಮಣ್ಣಿನ ಕಣಗಳನ್ನು ಬಿಡಿಸಿ ನೆಲವನ್ನು ಗಟ್ಟಿ ಮಾಡುತ್ತದೆ. ಕೊನೆಯ ಸಲ ಜಾಲಿಸಿದ ನೀರನ್ನು ಹಿಡಿದಿಡಿ. ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಹೆಚ್ಚು. ಅದನ್ನು ಒಂದೇ ಗಿಡಕ್ಕೆ ನಿತ್ಯ ಸುರಿಯದೆ ಜಾಗ ಬದಲಿಸುತ್ತ ಹಾಕಿ, ಮಳೆಗಾಲ ಬಂದಾಗ ತೊಳೆದುಹೋಗುತ್ತದೆ.

ಆದರೆ ಇವೆಲ್ಲ ಬಕೆಟ್ ಲೆಕ್ಕ. ದೊಡ್ಡ ಲೆಕ್ಕ ಆಕಾಶದಲ್ಲಿದೆ. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ. 1,400 ಚದರಡಿ ಚಾವಣಿ ಅಂದರೆ 130 ಚದರ ಮೀಟರ್. ಸೋರಿ ಆರಿ ಹೋಗುವುದನ್ನು ಕಳೆದರೂ ವರ್ಷಕ್ಕೆ ಒಂದು ಲಕ್ಷ ಲೀಟರ್ ಅಲ್ಲಿಂದ ಇಳಿಯುತ್ತದೆ. ಇದನ್ನು ಹಿಡಿಯುವುದು ಬರಿಯ ಸದ್ಗುಣವೂ ಅಲ್ಲ. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಂದ ತಿದ್ದುಪಡಿ 2,400 ಚದರಡಿ ಮತ್ತು ಅದಕ್ಕೂ ದೊಡ್ಡ ನಿವೇಶನಗಳ ಹಳೆಯ ಮನೆಗಳಿಗೂ, 1,200 ಚದರಡಿ ಮತ್ತು ಅದಕ್ಕೂ ದೊಡ್ಡ ನಿವೇಶನಗಳಲ್ಲಿ ಕಟ್ಟುವ ಹೊಸ ಮನೆಗಳಿಗೂ ಮಳೆಕೊಯ್ಲನ್ನು ಕಡ್ಡಾಯ ಮಾಡಿತು. ಕಾಟಾಚಾರಕ್ಕೆ ಒಂದು ಡ್ರಮ್ಮು ಇಟ್ಟು ಕೈತೊಳೆದುಕೊಂಡವರಿಗೆ ಅದರಿಂದ ಏನೂ ಸಿಗಲಿಲ್ಲ. ಯಾಕೆಂದರೆ ಒಂದು ಜೋರುಮಳೆಗೆ, ಅಂದರೆ 20 ಮಿಲಿಮೀಟರಿಗೆ, ಆ ಚಾವಣಿಯಿಂದ 2,600 ಲೀಟರ್ ಬರುತ್ತದೆ. ಡ್ರಮ್ಮು ಹತ್ತು ನಿಮಿಷದಲ್ಲಿ ತುಂಬಿ ಉಕ್ಕುತ್ತದೆ.

ಅದಕ್ಕೆ ಇಂಗುಬಾವಿ. ಮೂರಡಿ ಅಗಲ, ಇಪ್ಪತ್ತಡಿ ಆಳ, ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿದ ಬಾವಿಯಲ್ಲಿ ಸುಮಾರು 4,000 ಲೀಟರ್ ನಿಲ್ಲುತ್ತದೆ. ರಿಂಗುಗಳ ನಡುವೆ ಗಾರೆ ಹಾಕಬಾರದು, ತಳಕ್ಕೆ ಕಾಂಕ್ರೀಟ್ ಸುರಿಯಬಾರದು. ಸಂದಿನಿಂದಲೂ ತಳದಿಂದಲೂ ನೀರು ಮಣ್ಣಿಗೆ ಹೋಗಬೇಕು. ಬೆಂಗಳೂರಿನಲ್ಲಿ ಈ ಕೆಲಸ ಬಲ್ಲವರು ಮಣ್ಣುವಡ್ಡರು. ತಲೆಮಾರುಗಳಿಂದ ಬಾವಿ ತೋಡಿದ ಈ ಜನ ಕೊಳವೆಬಾವಿ ಬಂದು ಕೆಲಸ ಕಳೆದುಕೊಂಡಿದ್ದರು. ಬಯೋಮ್ ಸಂಸ್ಥೆ ಶುರುಮಾಡಿದ ಹತ್ತು ಲಕ್ಷ ಬಾವಿಗಳ ಅಭಿಯಾನ ಅವರ ಗುದ್ದಲಿಗೆ ಮತ್ತೆ ಕೆಲಸ ಕೊಟ್ಟಿತು. ಮಣ್ಣಿನ ಬಣ್ಣ ನೋಡಿ ಎಲ್ಲಿ ನೀರು ಇಂಗುತ್ತದೆ, ಎಲ್ಲಿ ಕುಸಿಯುತ್ತದೆ ಎಂದು ಹೇಳುವ ಅವರನ್ನು ಕರೆಸುವುದು ಮೊದಲ ಹೆಜ್ಜೆ. ಬಾವಿ ತಳಪಾಯದಿಂದ ಆದಷ್ಟು ದೂರವಿರಲಿ. ಚಾವಣಿಯ ನೀರು ಜಲ್ಲಿ-ಮರಳಿನ ಸಣ್ಣ ತೊಟ್ಟಿಯಲ್ಲಿ ಸೋಸಿ ಒಳಗೆ ಇಳಿಯಲಿ, ಕಾರು ತೊಳೆದದ್ದು, ಬಚ್ಚಲಿನದು ಎಂದೂ ಇಳಿಯದಿರಲಿ. ಅಂತರ್ಜಲಕ್ಕೆ ಕೊಳೆ ಸೇರಿದರೆ ತೆಗೆಯುವ ಉಪಾಯವಿಲ್ಲ. ಮೇಲೆ ಭದ್ರವಾದ ಚಪ್ಪಡಿ, ಸೊಳ್ಳೆ ಹೋಗದ ಜಾಲರಿ. ಏಪ್ರಿಲ್‌ನಲ್ಲಿ ಒಮ್ಮೆ ಸೋಸುವ ತೊಟ್ಟಿಯ ಹೂಳು ತೆಗೆಸಿ. ಇದನ್ನು ಮರೆತ ಬಾವಿಗಳೇ ಕೆಲಸ ಮಾಡುವುದಿಲ್ಲ ಎಂಬ ಅಪವಾದ ಹೊತ್ತಿರುವುದು.

ಬಾವಿ ತೋಡಿಸುವಷ್ಟು ಜಾಗವೋ ದುಡ್ಡೋ ಇಲ್ಲದಿದ್ದರೆ ಅಂಗಳದ ಇಳಿಜಾರನ್ನಾದರೂ ಬದಲಿಸಿ. ಸಾಮಾನ್ಯವಾಗಿ ಮೇಸ್ತ್ರಿಗಳು ನೆಲವನ್ನು ಗೇಟಿನ ಕಡೆಗೆ ವಾಲಿಸಿರುತ್ತಾರೆ, ಪಾತಿಯನ್ನು ನೆಲಕ್ಕಿಂತ ಎತ್ತರಕ್ಕೆ ಕಟ್ಟಿರುತ್ತಾರೆ. ಎರಡೂ ತಲೆಕೆಳಗು. ಗಿಡದ ಪಾತಿ ನಾಲ್ಕಿಂಚು ತಗ್ಗಿನಲ್ಲಿದ್ದರೆ ಅಂಗಳದ ನೀರೆಲ್ಲ ಅಲ್ಲಿಗೇ ಬಂದು ನಿಂತು ಇಂಗುತ್ತದೆ. ಕಾರು ನಿಲ್ಲುವ ಕಡೆ ಪೂರ್ತಿ ಕಾಂಕ್ರೀಟ್ ಯಾಕೆ? ಚಕ್ರ ಹೋಗುವ ಎರಡು ಪಟ್ಟಿ ಸಾಕು. ಓಡಾಡುವ ದಾರಿಗೆ ಚಪ್ಪಡಿ ಕಲ್ಲುಗಳನ್ನು ಎರಡಿಂಚು ಸಂದು ಬಿಟ್ಟು ಮರಳಿನ ಮೇಲೆ ಕೂರಿಸಿ. ಸಂದಿನಲ್ಲಿ ಗರಿಕೆ ತಾನೇ ಬರುತ್ತದೆ.

ಈಗ ಎಲೆಯ ವಿಷಯ. ಫೆಬ್ರುವರಿ-ಮಾರ್ಚ್‌ನಲ್ಲಿ ಹೊಂಗೆ ಎಲೆ ಉದುರಿಸಿ ಚಿಗುರುವ ಹೊತ್ತಿಗೆ ಬಡಾವಣೆಗಳ ಮೂಲೆಮೂಲೆಯಿಂದ ಹೊಗೆ ಏಳುತ್ತದೆ. ಬಯಲಲ್ಲಿ ಕಸ ಸುಡಬಾರದು, ಸುಟ್ಟರೆ 5,000 ರೂಪಾಯಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಹೇಳಿದೆ. ಅದೂ ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದಿದ್ದ ಕಸದ ಪ್ರಕರಣದಲ್ಲಿ. ದಂಡ ಹಾಗಿರಲಿ, ಹೊಂಗೆಯ ಸೊಪ್ಪನ್ನು ನಮ್ಮ ರೈತರು ಗದ್ದೆಗೆ ಹಸಿರೆಲೆ ಗೊಬ್ಬರವಾಗಿ ತುಳಿಸುತ್ತಿದ್ದವರು. ಅದೇ ಎಲೆಯನ್ನು ಬೂದಿ ಮಾಡಿ, ನರ್ಸರಿಯಿಂದ ಗೊಬ್ಬರದ ಚೀಲ ತರುವುದು ನಗರದ ವಿಚಿತ್ರ.

ಎಲೆಗೊಬ್ಬರಕ್ಕೆ ಬೇಕಾದ್ದು ಗಟ್ಟಿ ತಂತಿಬಲೆಯ ಒಂದು ಸುತ್ತು. ಮೂರಡಿ ಅಗಲ, ನಾಲ್ಕಡಿ ಎತ್ತರಕ್ಕೆ ದುಂಡಗೆ ಕಟ್ಟಿ, ನೇರ ಮಣ್ಣಿನ ಮೇಲೆ, ನೆರಳಿನಲ್ಲಿ ನಿಲ್ಲಿಸಿ. ಒಂದಡಿ ಎಲೆ ತುಂಬಿ ಕಾಲಿನಿಂದ ತುಳಿಯಿರಿ. ಮೇಲೆ ಎರಡು ಹಿಡಿ ಹಳೆಯ ಗೊಬ್ಬರವನ್ನೋ ಸಗಣಿ ಕದಡಿದ ನೀರನ್ನೋ ಹುಳಿಮಜ್ಜಿಗೆಯನ್ನೋ ಹಾಕಿ ಮತ್ತೊಂದು ಪದರ. ಒಣಎಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದು ಮೂವತ್ತು ಪಾಲು ಇಂಗಾಲ ಸಿಕ್ಕರೆ ಹದ. ಹಸಿ ಹುಲ್ಲು, ತರಕಾರಿ ಸಿಪ್ಪೆ, ದೇವರ ಮನೆಯ ಬಾಡಿದ ಹೂವು ನಡುನಡುವೆ ಸೇರಿಸುವುದು ಇದಕ್ಕೇ. ಎಲ್ಲರೂ ಎಡವುವುದು ತೇವದಲ್ಲಿ. ಮಾರ್ಚ್‌ನ ಬಿಸಿಲಿಗೆ ಎಲೆರಾಶಿ ಹೊರಗಿನಿಂದ ಒಣಗಿ, ಆರು ತಿಂಗಳಾದರೂ ಎಲೆ ಎಲೆಯಾಗಿಯೇ ಉಳಿಯುತ್ತದೆ. ಒಂದು ಹಿಡಿ ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ನಾತ ಬಂದರೆ ನೀರು ಹೆಚ್ಚಾಗಿದೆ, ಒಣಎಲೆ ಸೇರಿಸಿ ಕೆದಕಿ. ಇರುವೆ ಬಂದರೆ ಒಣಗಿದೆ. ತುಂಬಿದ ಬಲೆ ತಿಂಗಳೊಳಗೆ ಅರ್ಧಕ್ಕೆ ಇಳಿಯುತ್ತದೆ, ಮತ್ತೆ ತುಂಬುತ್ತ ಹೋಗಿ. ಹೊಂಗೆ, ನುಗ್ಗೆಯಂಥ ತೆಳ್ಳನೆಯ ಎಲೆ ಮೂರ್ನಾಲ್ಕು ತಿಂಗಳಲ್ಲಿ ಕರಗುತ್ತದೆ. ಮಾವು, ಹಲಸಿನ ದಪ್ಪ ಎಲೆಗೆ ಅದರ ಎರಡರಷ್ಟು ಹೊತ್ತು.

ಹುಳು ಕಂಡು ಹೆದರಬೇಡಿ. ಸಿಪ್ಪೆಗಳ ನಡುವೆ ಹರಿದಾಡುವ ಕಂದು ಚಪ್ಪಟೆ ಹುಳುಗಳು ಕಪ್ಪು ಸೈನಿಕ ನೊಣದ ಮರಿಗಳು, ನಿಮ್ಮ ಕೆಲಸವನ್ನೇ ಮಾಡುತ್ತಿವೆ. ಹೆಬ್ಬೆರಳ ಗಾತ್ರದ, ಸುರುಳಿ ಸುತ್ತಿದ ಬಿಳಿ ಹುಳು ಸಿಕ್ಕರೆ, ಹತ್ತಿರ ತೆಂಗಿನಮರವೂ ಇದ್ದರೆ, ಆರಿಸಿ ತೆಗೆಯಿರಿ. ತೆಂಗಿನ ಸುಳಿ ಕೊರೆಯುವ ದುಂಬಿಯ ಮರಿ ಅದಾಗಿರಬಹುದು. ಹಾವಿನ ಭಯ ಇನ್ನೊಂದು. ಹಾವು ಎಲೆಗಾಗಿ ಬರುವುದಿಲ್ಲ, ಇಲಿ ಕಪ್ಪೆಗಾಗಿ ಬರುತ್ತದೆ. ಬೇಯಿಸಿದ ಅನ್ನ, ಮಾಂಸ ರಾಶಿಗೆ ಹಾಕದಿದ್ದರೆ ಇಲಿ ಬರುವುದು ಕಡಿಮೆ. ಆದರೂ ರಾಶಿ ಓಡಾಡುವ ದಾರಿಯಿಂದ ದೂರವಿರಲಿ, ಕೆದಕುವಾಗ ಕೈ ಬದಲು ಕೋಲು ಬಳಸಿ. ಗೋಡೆಗೆ ತಾಗಿಸಿ ಎಲೆ ಒಟ್ಟಬೇಡಿ, ಗೆದ್ದಲು ಮನೆಯ ಮರಮುಟ್ಟಿಗೆ ದಾರಿ ಹುಡುಕುತ್ತದೆ. ಒಂದಡಿ ಜಾಗ ಬರಿದು ಬಿಡಿ.

ಗೊಬ್ಬರ ಆಗುವ ತನಕ ಕಾಯಲಾರದವರು ಎಲೆಯನ್ನು ನೇರವಾಗಿ ಗಿಡದ ಬುಡಕ್ಕೆ ಮೂರಿಂಚು ಹೊದಿಸಬಹುದು. ಮಣ್ಣು ತಂಪಾಗಿರುತ್ತದೆ, ನೀರು ಕಡಿಮೆ ಸಾಕಾಗುತ್ತದೆ, ಕಳೆ ಏಳುವುದಿಲ್ಲ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಬೇಕು. ಸಿದ್ಧ ಗೊಬ್ಬರವನ್ನು ಜರಡಿ ಹಿಡಿದು, ಜೂನ್‌ನಲ್ಲೊಮ್ಮೆ ಲಾನಿನ ಮೇಲೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹರಡಿ. ನಮ್ಮ 500 ಚದರಡಿಗೆ ಆರೇಳು ಸಿಮೆಂಟ್ ಚೀಲದಷ್ಟು ಸಾಕು. ವರ್ಷ ವರ್ಷ ಎಲ್ಲಿಯದೋ ಗುಡ್ಡವನ್ನೋ ಕೆರೆಯಂಗಳವನ್ನೋ ಕೆರೆದು ತಂದ ಕೆಂಪುಮಣ್ಣು ಸುರಿಸುವ ಪದ್ಧತಿಗೆ ಇದು ಬದಲಿ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಕೈಯಲ್ಲಿ ಎರಚಿದ್ದರಲ್ಲಿ ಹುಲ್ಲು ಹೀರಿದ್ದು ಹೋಗಿ ಉಳಿದದ್ದು ನೈಟ್ರೇಟಾಗಿ ಕೆಳಗಿಳಿದು ನೀವೇ ಕುಡಿಯುವ ಕೊಳವೆಬಾವಿಯ ನೀರಿಗೆ ಸೇರಬಹುದು.

ವಿಷದ ವಿಷಯದಲ್ಲಿ ನಾನು ಮೃದುವಾಗಿ ಮಾತಾಡಲಾರೆ. ಗೊಣ್ಣೆಹುಳುವಿಗೆಂದು ಲಾನಿಗೆ, ಕುಂಡಗಳಿಗೆ ಫೋರೇಟ್ ಹರಳು ಉದುರಿಸುವ ಅಭ್ಯಾಸ ಬಹುಕಾಲ ಇತ್ತು. 2020ರ ಕೊನೆಗೆ ದೇಶದಲ್ಲಿ ಅದನ್ನು ನಿಷೇಧಿಸಲಾಯಿತು. ಹಳೆಯ ಡಬ್ಬಿ ಶೆಡ್ಡಿನಲ್ಲಿದ್ದರೆ ಮುಟ್ಟಬೇಡಿ, ಮಕ್ಕಳು ನಾಯಿಗಳು ಓಡಾಡುವ ನೆಲಕ್ಕಂತೂ ಹಾಕಲೇಬೇಡಿ. ಕಳೆನಾಶಕ ಗ್ಲೈಫೋಸೇಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಗೆ ಸೇರಿಸಿತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ, ಪರವಾನಗಿ ಪಡೆದ ಕೀಟನಿಯಂತ್ರಕರು ಮಾತ್ರ ಅದನ್ನು ಸಿಂಪಡಿಸಬೇಕೆಂದಿತು. ಅಂಗೈಯಗಲದ ಲಾನಿನ ಕಳೆಗೆ ಅದರ ಅಗತ್ಯವೇ ಇಲ್ಲ. ಕಾಂಗ್ರೆಸ್ ಹುಲ್ಲನ್ನು ಹೂ ಬಿಡುವ ಮೊದಲು, ಕೈಗವಸು ಹಾಕಿಕೊಂಡು, ಮಳೆ ಬಿದ್ದ ಮರುದಿನ ಕೀಳಿ. ಕೊನ್ನಾರಿ ಗಡ್ಡೆಯದು ಹಟ ಜಾಸ್ತಿ: ಮೇಲಿನ ಹುಲ್ಲು ಕಿತ್ತರೆ ಕೆಳಗಿನ ಗಡ್ಡೆ ಮತ್ತೆ ಚಿಗುರುತ್ತದೆ. ಎರಡು ವಾರಕ್ಕೊಮ್ಮೆ ಬಿಡದೆ ಗಡ್ಡೆಸಮೇತ ಅಗೆದರೆ ಕ್ರಮೇಣ ಸೊರಗುತ್ತದೆ, ನೆರಳು ಬಿದ್ದರೆ ಇನ್ನೂ ಬೇಗ. ಎಲೆಯ ಹೇನು, ಹಿಟ್ಟುತಿಗಣೆಗೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ. ಸಂಜೆ ಸಿಂಪಡಿಸಿ, ಹೂವಿನ ಮೇಲೆ ಬೇಡ, ಜೇನುಹುಳುಗಳಿವೆ. ಮಳೆಗಾಲದಲ್ಲಿ ಗೋಡೆ ಹತ್ತುವ ಆಫ್ರಿಕಾದ ದೈತ್ಯ ಬಸವನಹುಳುವಿಗೆ ರಾತ್ರಿ ಒದ್ದೆ ಗೋಣಿಚೀಲದ ಕೆಳಗೆ ಪರಂಗಿ ಎಲೆ ಇಟ್ಟರೆ ಬೆಳಗ್ಗೆ ಗುಂಪಾಗಿ ಸಿಗುತ್ತವೆ. ಬರಿಗೈಯಲ್ಲಿ ಮುಟ್ಟದೆ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಅಂಗಡಿಯ ವಿಷದ ಉಂಡೆ ನಾಯಿಗೂ ವಿಷ.

ಲಾನ್ ಇಳಿಸಿದ ಜಾಗಕ್ಕೆ, ಮರದ ನೆರಳಿಗೆ ಏನು? ಒದ್ದೆಯ ಕಡೆ ಒಂದೆಲಗ ತಾನೇ ಹಬ್ಬುತ್ತದೆ, ತಂಬುಳಿಗೂ ಆಯಿತು. ಹೊನಗೊನ್ನೆ, ಗೋಳಿಸೊಪ್ಪು, ನೆಲನೆಲ್ಲಿ ಬಂದರೆ ಇರಲಿ. ಅರೆಬಿಸಿಲಿಗೆ ಹಳದಿ ಹೂವಿನ ಪೀನಟ್ ಗ್ರಾಸ್ ಚೆಂದ. ಕಡಲೆಕಾಯಿಯ ಬಳಗದ್ದಾದ್ದರಿಂದ ಗಾಳಿಯ ಸಾರಜನಕವನ್ನು ತಾನೇ ಹಿಡಿಯುತ್ತದೆ, ಕತ್ತರಿಸುವ ಕೆಲಸ ಅಪರೂಪ. ಅದರಂತೆಯೇ ಹಳದಿ ಹೂ ಬಿಡುವ ವೆಡೇಲಿಯಾವನ್ನೂ ನರ್ಸರಿಗಳು ಮಾರುತ್ತವೆ. ಅದು ಬೇಡ. ಲಂಟಾನದ ಹಾಗೆ ಇದೂ ಜಗತ್ತಿನ ನೂರು ಅತಿಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ, ಚರಂಡಿ ಹಿಡಿದು ಕೆರೆ ಸೇರುತ್ತದೆ. ಅಂಚಿಗೆ ಕರಿಬೇವು, ನಿಂಬೆ ನೆಟ್ಟರೆ ಚಿಟ್ಟೆಗಳು ಮೊಟ್ಟೆಯಿಡುತ್ತವೆ. ಹಕ್ಕಿಹಿಕ್ಕೆಯಂತೆ ಕಾಣುವ ಮರಿಹುಳುಗಳು ನಾಲ್ಕು ಎಲೆ ತಿಂದರೆ ತಿನ್ನಲಿ ಬಿಡಿ.

ಕೊನೆಗೆ ಇದೆಲ್ಲ ನಡೆಯುವುದೋ ಇಲ್ಲವೋ ಮಾಲಿಯ ಜೊತೆಗಿನ ಮಾತಿನ ಮೇಲೆ ನಿಂತಿದೆ. ಅಂಗಳ ಗುಡಿಸಿ ಬೋಳಿಸಿ ಹೋದರೆ ಮಾತ್ರ ಕೆಲಸ ಮಾಡಿದ ಹಾಗೆ ಕಾಣುತ್ತದೆಂದು ಅವನಿಗೆ ಇಷ್ಟು ವರ್ಷ ಕಲಿಸಿದವರು ನಾವೇ. ಗುಡಿಸಬೇಡ ಎಂದಷ್ಟೇ ಹೇಳಿದರೆ ಸಂಬಳಕ್ಕೆ ಕತ್ತರಿ ಬಿತ್ತೆಂದು ಹೆದರುತ್ತಾನೆ. ಅದೇ ಸಂಬಳಕ್ಕೆ ಎಲೆಬಲೆ ತುಂಬುವುದು, ತೇವ ನೋಡುವುದು, ಗಡ್ಡೆ ಅಗೆಯುವುದು, ಕುಂಡದ ತಟ್ಟೆಗಳ ನೀರು ವಾರಕ್ಕೊಮ್ಮೆ ಚೆಲ್ಲುವುದು ಎಂದು ಕೆಲಸವನ್ನು ಬದಲಿಸಿ ಹೇಳಿ. ತಿಂಗಳಿಗೊಂದು ಪೂರ್ತಿ ದಿನದ ಬದಲು ವಾರಕ್ಕೆರಡು ಗಂಟೆ ಬರಲು ಒಪ್ಪುತ್ತಾನೋ ಕೇಳಿ. ಊರಲ್ಲಿ ಹೊಲ ಕಂಡವನಾದರೆ, ಎಲೆ ಕೊಳೆಸುವುದನ್ನು ನಿಮಗಿಂತ ಚೆನ್ನಾಗಿ ಬಲ್ಲ.